ನೀರು ಕುಡಿಸಬೇಡಿ, ಕತ್ತಲೆ ಕೊಡಿ

ಆಷಾಢದ ಗಾಳಿ ಎದ್ದಿತೆಂದರೆ ಬೆಂಗಳೂರಿನ ಮಹಡಿಗಳಿಂದ ಗಾಳಿಪಟಗಳು ಏರುತ್ತವೆ. ಅದೇ ಗಾಳಿಯಲ್ಲಿ ಹದ್ದುಗಳೂ ರೆಕ್ಕೆ ಬಡಿಯದೆ ತೇಲುತ್ತಿರುತ್ತವೆ. ಪಟ ಹರಿದು ಚಿಂದಿಯಾದ ಮೇಲೂ ದಾರ ಮಾತ್ರ ಕೊಂಬೆಯಿಂದ ಕೊಂಬೆಗೆ, ಕಂಬದಿಂದ ಕೇಬಲ್ಲಿಗೆ ಬಿಗಿದುಕೊಂಡೇ ಇರುತ್ತದೆ. ಹತ್ತಿ ದಾರವಾದರೆ ಮಳೆ ಬಿಸಿಲಿಗೆ ಲಡ್ಡಾಗುತ್ತದೆ. ಗಾಜಿನ ಪುಡಿ ಸವರಿದ ನೈಲಾನ್ ಮಾಂಜಾ ಅಷ್ಟು ಸುಲಭಕ್ಕೆ ಕೊಳೆಯುವುದಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರ ಜುಲೈನಲ್ಲೇ ಇದನ್ನು ದೇಶದಾದ್ಯಂತ ನಿಷೇಧಿಸಿತು. ಮಾರುವವರು ಇನ್ನೂ ಮಾರುತ್ತಿದ್ದಾರೆ.

ಎತ್ತರದಿಂದಲೇ ನೆಲದ ಇಲಿಯನ್ನು ಗುರುತಿಸುವ ಹದ್ದಿಗೂ ಈ ಎಳೆ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ದಾರ ಹೆಚ್ಚಾಗಿ ಕೊಯ್ಯುವುದು ರೆಕ್ಕೆಯ ಮುಂಭಾಗವನ್ನು. ಅಲ್ಲಿ ಭುಜದಿಂದ ಮಣಿಕಟ್ಟಿನವರೆಗೆ ತೆಳುವಾದ ಚರ್ಮದ ಪೊರೆಯೊಂದು ಹಬ್ಬಿದೆ, ಅದರ ಅಂಚಿನಲ್ಲಿ ಸ್ನಾಯುರಜ್ಜು ಓಡುತ್ತದೆ. ರೆಕ್ಕೆ ಬಿಚ್ಚಿದಾಗ ಹಾಯಿಯಂತೆ ಬಿಗಿಯಾಗಿ ಗಾಳಿಯನ್ನು ಹಿಡಿಯುವುದು ಇದೇ ಪೊರೆ. ಆ ರಜ್ಜು ತುಂಡಾದರೆ ಮೂಳೆ ಮುರಿಯದಿದ್ದರೂ ಹಕ್ಕಿ ಹಾರಲಾರದು. ಸಿಕ್ಕಿಬಿದ್ದ ಹಕ್ಕಿ ಕೊಸರಾಡಿದಷ್ಟೂ ದಾರ ಗರಗಸದಂತೆ ಒಳಗಿಳಿಯುತ್ತದೆ.

ಹೀಗೆ ಬಿದ್ದ ಹದ್ದು ಗೋಡೆಯ ಮೂಲೆಗೆ ಒರಗಿ, ಒಂದು ರೆಕ್ಕೆ ಇಳಿಬಿಟ್ಟು, ಕೊಕ್ಕು ತೆರೆದು ಕುಳಿತಿರುತ್ತದೆ. ಸುತ್ತ ಕಾಗೆಗಳ ಗಲಾಟೆ. ನೋಡಿದ ಯಾರಿಗಾದರೂ ಮೊದಲು ಹೊಳೆಯುವುದು ‘ಪಾಪ, ಬಾಯಾರಿದೆ’ ಎಂದು. ಆ ಕರುಣೆಯೇ ಅದರ ಜೀವಕ್ಕೆ ಎರವಾಗಬಹುದು. ಹಕ್ಕಿಗಳ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇದೆ. ಕೊಕ್ಕು ಬಿಡಿಸಿ ನೀರು ಸುರಿದರೆ ಅದು ನೇರ ಉಸಿರಿನ ದಾರಿಗೆ ಇಳಿಯುವ ಅಪಾಯವಿದೆ. ಹಾಲು, ಅನ್ನ, ಬ್ರೆಡ್ಡು ಮಾಂಸಾಹಾರಿ ಹಕ್ಕಿಗೆ ಒಗ್ಗುವುದಿಲ್ಲ. ಮಾಂಸವನ್ನೂ ಕೊಡಬಾರದು. ಆಘಾತದಲ್ಲಿರುವ, ದೇಹ ಒಣಗಿದ ಹಕ್ಕಿಗೆ ಅದನ್ನು ಅರಗಿಸುವ ಶಕ್ತಿ ಇರುವುದಿಲ್ಲ.

ಎದೆಗೆ ಅವುಚಿಕೊಳ್ಳುವುದೂ ಬೇಡ. ಹಕ್ಕಿಗೆ ನಮ್ಮಂತೆ ವಪೆ ಇಲ್ಲ. ಎದೆಮೂಳೆ ಮುಂದೆ ಹಿಂದೆ ಆಡಿದರಷ್ಟೇ ಅದಕ್ಕೆ ಉಸಿರು. ಎದೆಯನ್ನು ಬಿಗಿಯಾಗಿ ಒತ್ತಿ ಹಿಡಿದರೆ ಕೈಯಲ್ಲೇ ಉಸಿರುಗಟ್ಟುತ್ತದೆ. ದಪ್ಪ ಟವೆಲ್ಲೊಂದನ್ನು ತಲೆ ಸಮೇತ ಮೇಲೆ ಹೊದಿಸಿ, ರೆಕ್ಕೆಗಳನ್ನು ಮೈಗೆ ಮಡಚಿ ಹಗುರವಾಗಿ ಎತ್ತಬೇಕು. ಎಚ್ಚರಿಕೆ ಹೆಚ್ಚಾಗಿ ಬೇಕಾದದ್ದು ಕಾಲಿನ ಬಗ್ಗೆ. ಕೊಕ್ಕೂ ಕುಕ್ಕುತ್ತದೆ, ನಿಜ. ಆದರೆ ಬೇಟೆಹಕ್ಕಿಯ ಆಯುಧ ಉಗುರು. ಒಮ್ಮೆ ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ.

ಎತ್ತಿದ ಮೇಲೆ ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆ ಸಾಕು. ತಂತಿ ಪಂಜರದಲ್ಲಿ ಬಡಿದಾಡಿ ಹಾರುಗರಿಗಳು ಮುರಿಯುತ್ತವೆ, ಮುರಿದ ಗರಿ ಉದುರಿ ಹೊಸದು ಬರಲು ತಿಂಗಳುಗಳೇ ಬೇಕಾಗಬಹುದು. ಕತ್ತಲಾದರೆ ಹಕ್ಕಿ ತಣ್ಣಗಾಗುತ್ತದೆ. ಅದರ ಲೆಕ್ಕದಲ್ಲಿ ನಾವು ಅದನ್ನು ತಿನ್ನಲು ಬಂದವರು! ಹಾಗಾಗಿ ಮಕ್ಕಳಿಗೆ ತೋರಿಸಲು, ಫೋಟೊ ತೆಗೆಯಲು ಮುಚ್ಚಳ ತೆರೆದ ಪ್ರತಿ ಸಲವೂ ಅದರ ಎದೆ ಮತ್ತೆ ಹಾರುತ್ತದೆ. ಗಾಯದೊಳಗಿನ ದಾರವನ್ನು ಎಳೆಯದೆ, ಹೊರಗೆ ತುಸು ಬಿಟ್ಟು ಕತ್ತರಿಸಿ. ಅರಿಸಿನ, ಮುಲಾಮು ಹಚ್ಚದೆ ಹೊರಡಿ. ಕೊಯ್ದ ಪೊರೆಯ ಅಂಚು ಒಣಗಿ ಸುರುಟಿಕೊಂಡರೆ ಹೊಲಿಗೆ ನಿಲ್ಲುವುದಿಲ್ಲ, ತಡವಾದರೆ ನೊಣ ಮೊಟ್ಟೆಯಿಟ್ಟು ಹುಳುವಾಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ಬೆಂಗಳೂರಿನಲ್ಲಾದರೆ ಕೆಂಗೇರಿಯ ಪೀಪಲ್ ಫಾರ್ ಅನಿಮಲ್ಸ್‌ನಂಥ ವನ್ಯಜೀವಿ ಆಸ್ಪತ್ರೆಗಳಿವೆ. ಮನೆಯಲ್ಲೇ ಇಟ್ಟು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕಾಶ ಕೊಡುವುದಿಲ್ಲ.

ನೆಲದ ಮೇಲಿರುವ ಎಲ್ಲ ಹದ್ದೂ ಗಾಯಾಳುವಲ್ಲ. ಗರಿ ಮೂಡಿ ಹಾರಲು ಕಲಿಯುತ್ತಿರುವ ಮರಿ ಕೆಳಗಿಳಿದಿರಬಹುದು. ಮೈಮೇಲೆ ತಿಳಿ ಬಣ್ಣದ ಚುಕ್ಕೆಗಳಿದ್ದು, ರಕ್ತವಿಲ್ಲದೆ, ಎರಡೂ ರೆಕ್ಕೆ ಸಮವಾಗಿ ಮಡಚಿದ್ದರೆ ಅದನ್ನು ಹತ್ತಿರದ ಎತ್ತರದ ಜಾಗಕ್ಕೆ ಏರಿಸಿ ದೂರ ಸರಿಯಿರಿ. ತಾಯಿ ತಂದೆ ಅಲ್ಲೇ ಎಲ್ಲೋ ಇರುತ್ತವೆ.

ನಮ್ಮಲ್ಲಿ ಗರುಡ ಕಂಡರೆ ಕೈಮುಗಿಯುವವರುಂಟು. ಅದರ ದಾಯಾದಿಯಾದ ಕರಿಹದ್ದು ಬಿದ್ದಿದ್ದರೆ ದಾಟಿಕೊಂಡು ಹೋಗುತ್ತಾರೆ. ದೆಹಲಿಯ ನದೀಮ್ ಶೆಹಜಾದ್, ಮೊಹಮ್ಮದ್ ಸೌದ್ ಎಂಬ ಅಣ್ಣತಮ್ಮಂದಿರಿಗೆ ಹಾಗೆ ದಾಟಿ ಹೋಗಲಾಗಲಿಲ್ಲ. ಮಾಂಸ ತಿನ್ನುವ ಹಕ್ಕಿಯೆಂದು ಆಸ್ಪತ್ರೆಯೊಂದು ಸೇರಿಸಿಕೊಳ್ಳದೆ ಹೋದಾಗ, ತಾವೇ ಹೊಲಿಗೆ ಹಾಕಲು ಕಲಿತು ಮನೆಯ ನೆಲಮಾಳಿಗೆಯನ್ನೇ ಚಿಕಿತ್ಸಾಲಯ ಮಾಡಿಕೊಂಡರು. 2022ರ ‘ಆಲ್ ದಟ್ ಬ್ರೀದ್ಸ್’ ಸಾಕ್ಷ್ಯಚಿತ್ರ ಅವರದೇ ಕತೆ.

ಆಸ್ಪತ್ರೆಗೆ ಒಪ್ಪಿಸುವ ಮುನ್ನ ಇನ್ನೊಂದು ಕೆಲಸವಿದೆ. ಹಕ್ಕಿ ಸಿಕ್ಕ ಬೀದಿ, ಮರ, ಹೊತ್ತು ಇವನ್ನು ಪೆಟ್ಟಿಗೆಯ ಮೇಲೆ ಬರೆದಿಡಿ. ಗುಣವಾದ ಹದ್ದನ್ನು ಬಿಡಬೇಕಾದದ್ದು ಅದೇ ಜಾಗದಲ್ಲಿ. ಅದರ ಜೋಡಿ, ಅದರ ಗೂಡಿನ ಮರ ಇರುವುದು ಅಲ್ಲೇ.