ಹೋಬಳಿಯ ಆಸ್ಪತ್ರೆ ಕಲಿಯುವ ಬಗೆ

ಹಳೇಬೀಡಿನ ಗುಡಿಯನ್ನು ನೋಡಲು ಬಂದ ಯಾತ್ರಿಕರಲ್ಲಿ ಬಹುಮಂದಿ ಅಲ್ಲಿಂದಲೇ ಬೇಲೂರಿಗೋ ಹಾಸನಕ್ಕೋ ಹಿಂದಿರುಗಿಬಿಡುತ್ತಾರೆ. ಬಾಣಾವರದ ದಾರಿ ಹಿಡಿದು ಜಾವಗಲ್ಲಿನವರೆಗೆ ಬರುವವರು ವಿರಳ. ಬಂದವರಿಗೆ ಲಕ್ಷ್ಮೀನರಸಿಂಹನ ತ್ರಿಕೂಟ ದೇವಾಲಯದ ದರ್ಶನವಾಗುತ್ತದೆ. ಹದಿಮೂರನೆಯ ಶತಮಾನದ ಈ ಗುಡಿಯ ಹೊರಗೋಡೆಯನ್ನು ಸುತ್ತುತ್ತಿರುವಾಗ, ಇದೇ ತಾಲ್ಲೂಕಿನ ಹಾರನಹಳ್ಳಿಯಲ್ಲಿ ಕಂಡದ್ದು ಇಲ್ಲಿ ಮತ್ತೊಂದು ರೂಪದಲ್ಲಿ ಬಂದಿದೆಯಲ್ಲ ಎಂದು ನನಗೆ ಅನ್ನಿಸಿತ್ತು. ಆ ಕಾಲದ ಶಿಲ್ಪಿಗಳು ಒಂದೂರಿನಲ್ಲಿ ನೆಲೆನಿಂತವರಲ್ಲ. ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಅಮೃತಾಪುರದಲ್ಲಿದೆ, ನುಗ್ಗೇಹಳ್ಳಿಯಲ್ಲಿದೆ, 1258ರಲ್ಲಿ ಪ್ರತಿಷ್ಠೆಗೊಂಡ ಸೋಮನಾಥಪುರದಲ್ಲಿಯೂ ಇದೆ. ಒಂದು ಗುಡಿಯಲ್ಲಿ ಪಳಗಿದ ಕೈ ಮತ್ತೊಂದು ಗುಡಿಗೆ ನಡೆದು ಹೋಗುತ್ತಿತ್ತು. ಜೊತೆಯಲ್ಲಿ ಉಳಿ ಹಿಡಿದವನು ನೋಡಿ ಕಲಿಯುತ್ತಿದ್ದ.

ಗುಡಿಯ ಮಾತು ಹೇಳುತ್ತ ಆಸ್ಪತ್ರೆಗೆ ಹಾರುವುದೇಕೆಂದು ವಾಚಕರು ಹುಬ್ಬೇರಿಸಬಹುದು. ನನ್ನ ಮನಸ್ಸಿನಲ್ಲಿ ಈ ಎರಡೂ ಒಟ್ಟಿಗೆ ಬಂದುದಕ್ಕೆ ಕಾರಣವಿದೆ. ಜಾವಗಲ್ಲಿನಂಥ ಹೋಬಳಿ ಊರುಗಳ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಬರುತ್ತಾರೆ, ಎರಡು ಮೂರು ವರ್ಷ ಇರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಯಾವ ಹಳ್ಳಿಯವರು ಯಾವ ತಿಂಗಳಲ್ಲಿ ಮನೆಯಲ್ಲಿರುವುದಿಲ್ಲ, ಯಾವ ಮನೆಯ ಮುದುಕಿಗೆ ಮಾತ್ರೆಯೆಂದರೆ ಭಯ, ಯಾವ ಕೆರೆಯ ನೀರು ಕುಡಿದಾಗ ಯಾವ ಬೇನೆ ಬರುತ್ತದೆ ಎಂಬ ತಿಳಿವಳಿಕೆಯೂ ಅವರೊಡನೆಯೇ ಬಸ್ಸು ಹತ್ತುತ್ತದೆ. ಹೊಸಬರು ಓನಾಮದಿಂದ ಪ್ರಾರಂಭಿಸಬೇಕು. ಶಿಲ್ಪಿಯ ವಿದ್ಯೆ ಅವನು ಹೋದ ಕಡೆಯಲ್ಲೂ ಬೆಳೆಯಿತು, ಬಿಟ್ಟುಹೋದ ಕಡೆಯಲ್ಲೂ ಉಳಿಯಿತು. ವೈದ್ಯರ ವಿದ್ಯೆಗೆ ಆ ಭಾಗ್ಯವಿಲ್ಲವೆ?

ನಮ್ಮ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಮೈಸೂರು ಸಂಸ್ಥಾನ 1929ರಲ್ಲಿಯೇ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮಾಂತರ ಆರೋಗ್ಯ ಘಟಕವೊಂದನ್ನು ತೆರೆದಿತ್ತು. ಅನಂತರ, ಆಗ ಕ್ಲೋಸ್‌ಪೇಟೆಯೆಂದು ಕರೆಯುತ್ತಿದ್ದ ರಾಮನಗರದಲ್ಲಿ ತರಬೇತಿಯ ಕೇಂದ್ರ ಬಂದಿತು. 1946ರ ಭೋರ್ ಸಮಿತಿಯ ವರದಿ, 1952ರ ಸಮುದಾಯ ಅಭಿವೃದ್ಧಿ ಯೋಜನೆ, ಅದರ ಬೆನ್ನಿಗೆ ದೇಶದ ತುಂಬ ಪ್ರಾಥಮಿಕ ಆರೋಗ್ಯ ಕೇಂದ್ರಗಳು – ಈ ಚರಿತ್ರೆ ಪಠ್ಯಪುಸ್ತಕಗಳಲ್ಲಿ ದೊರೆಯುತ್ತದೆ. ಪಠ್ಯಪುಸ್ತಕದಲ್ಲಿ ಅಷ್ಟಾಗಿ ಕಾಣದ ಒಂದು ಘಟನೆ ನಮ್ಮ ನೆರೆಯಲ್ಲೇ ನಡೆಯಿತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಜಾವಗಲ್ಲಿನಿಂದ ಅರಸೀಕೆರೆಯನ್ನು ದಾಟಿ ತಿಪಟೂರಿನ ಕಡೆಗೆ ಹೊರಟರೆ ತುಮಕೂರು ಜಿಲ್ಲೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದ ಮೇಲೆ ಅದರ ವಿದ್ವಾಂಸರು ಈ ಜಿಲ್ಲೆಯನ್ನು ತಮ್ಮ ಅಧ್ಯಯನಕ್ಕೆ ಆರಿಸಿಕೊಂಡರು. ಹಳ್ಳಿಯ ಜನ ಅಜ್ಞರು, ಕ್ಷಯ ಬಂದರೂ ಅವರಿಗೆ ಅರಿವಾಗದು, ಅರಿವಾದರೂ ಆಸ್ಪತ್ರೆಗೆ ಬಾರರು, ಆದ್ದರಿಂದ ಎಕ್ಸ್‌ರೇ ವಾಹನವನ್ನು ಹಳ್ಳಿಯಿಂದ ಹಳ್ಳಿಗೆ ಓಡಿಸಿ ರೋಗಿಗಳನ್ನು ಹುಡುಕಬೇಕು ಎಂಬುದು ಆಗಿನ ಬಹುಜನ ತಜ್ಞರ ನಂಬಿಕೆ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬಿಬ್ಬರು ಸಂಶೋಧಕರು ಈ ನಂಬಿಕೆಯನ್ನು ಹಾಗೆಯೇ ಒಪ್ಪಿಕೊಳ್ಳದೆ, ರೋಗಿಗಳ ಮನೆಗೆ ಹೋಗಿ ಅವರನ್ನೇ ಕೇಳುವುದೆಂದು ನಿಶ್ಚಯಿಸಿದರು. ಅವರ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರಲ್ಲಿ ಕಂಡದ್ದು ತಜ್ಞರನ್ನು ತಲೆತಗ್ಗಿಸುವಂತೆ ಮಾಡತಕ್ಕದ್ದು. ಕ್ಷಯ ತಗುಲಿದವರಲ್ಲಿ ನೂರಕ್ಕೆ ಸುಮಾರು 95 ಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬುದು ಗೊತ್ತಿತ್ತು. ಸುಮಾರು 72 ಮಂದಿ ಅದನ್ನು ಕುರಿತು ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ, ಎಂದರೆ ನೂರಕ್ಕೆ ಸುಮಾರು 52, ಆಗಲೇ ವೈದ್ಯರ ಬಾಗಿಲನ್ನು ತಟ್ಟಿ ಬಂದಿದ್ದರು! ಹಳ್ಳಿಯವನು ಕೂಲಿ ಬಿಟ್ಟು, ಮೈಲಿಗಟ್ಟಲೆ ನಡೆದು ಬಂದು, ಎದೆ ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದ. ಆಸ್ಪತ್ರೆಯವರು ಅವನಿಗೆ ಒಂದು ಸೀಸೆ ಕೆಮ್ಮಿನ ಮಿಕ್ಸ್ಚರು ಕೊಟ್ಟು ಕಳುಹಿಸಿದ್ದರು. ಅಜ್ಞಾನ ಯಾರದಾಗಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆಸ್ಪತ್ರೆಯವರನ್ನು ಮಾತ್ರವೇ ದೂರುವುದು ಸಲ್ಲದು. ಕಫವನ್ನು ಪರೀಕ್ಷಿಸಲು ಅವರ ಬಳಿ ಸೂಕ್ಷ್ಮದರ್ಶಕವಿರಲಿಲ್ಲ; ಇದ್ದ ಕಡೆ ಅದನ್ನು ನೋಡಲು ಕಲಿಸಿದವರಿರಲಿಲ್ಲ; ಕ್ಷಯವೆಂದು ತಿಳಿದರೂ ದೂರದ ಸ್ಯಾನಿಟೋರಿಯಮ್ಮಿಗೆ ಬರೆದುಕೊಡುವುದರ ಹೊರತು ಬೇರೆ ದಾರಿ ಅವರಿಗೆ ತೋರಿರಲಿಲ್ಲ.

ದಾರಿ ಅಷ್ಟರಲ್ಲಿ ಮದರಾಸಿನಲ್ಲಿ ಕಂಡಿತ್ತು. ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರ 1959ರಲ್ಲಿ ಪ್ರಕಟಿಸಿದ ಅಧ್ಯಯನ, ಬಡಮನೆಯಲ್ಲಿ ಮಲಗಿಕೊಂಡೇ ಔಷಧಿ ತೆಗೆದುಕೊಂಡವರೂ ಸ್ಯಾನಿಟೋರಿಯಮ್ಮಿನಲ್ಲಿದ್ದವರಂತೆಯೇ ಗುಣವಾಗುತ್ತಾರೆಂದು ತೋರಿಸಿಕೊಟ್ಟಿತು. ಮದರಾಸಿನ ಈ ಪಾಠ, ತುಮಕೂರಿನ ಆ ಪಾಠ ಎರಡೂ ಸೇರಿ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಆಧಾರವಾದವು. ನಮ್ಮ ಗಡಿಗೆ ಅಂಟಿಕೊಂಡಿರುವ ಅನಂತಪುರ ಜಿಲ್ಲೆಯಲ್ಲಿ ಅದನ್ನು 1961ರಲ್ಲಿಯೇ ಪ್ರಯೋಗಿಸಿ ನೋಡಿದ್ದರು. ಜಿಲ್ಲೆಗೊಂದು ತಂಡ; ಆ ತಂಡಕ್ಕೆ ಬೆಂಗಳೂರಿನಲ್ಲಿ ತರಬೇತಿ; ಅದು ಊರೂರಿನ ಆಸ್ಪತ್ರೆಗೆ ಹೋಗಿ, ಅಲ್ಲಿರುವವರಿಗೇ ಕಫ ಪರೀಕ್ಷೆಯನ್ನು ಕಲಿಸಿ, ಮತ್ತೆ ಮತ್ತೆ ಬಂದು ತಪ್ಪು ತಿದ್ದಬೇಕು. ಈ ಏರ್ಪಾಡಿನಲ್ಲಿ ನನಗೆ ಹಿಡಿಸಿದ್ದು ‘ಮತ್ತೆ ಮತ್ತೆ ಬಂದು’ ಎಂಬ ಅಂಶ. ಒಂದು ಸಲ ಕಲಿಸಿ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳುವ ತರಬೇತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾರ್ಯಕ್ರಮ ಎಲ್ಲ ಕಡೆಯೂ ಬರೆದಂತೆ ನಡೆಯಲಿಲ್ಲವೆಂಬುದೂ ನಿಜವೇ. 1990ರ ದಶಕದಲ್ಲಿ ಅದನ್ನು ಪುನಾರಚಿಸಬೇಕಾಯಿತು.

ಇದೇ ಹಾದಿಯಲ್ಲಿ ನಡೆದ ಇನ್ನೊಂದು ಪ್ರಯೋಗ ಬಳ್ಳಾರಿಯದು. ಮನೋರೋಗವೆಂದರೆ ದೊಡ್ಡ ಊರಿನ ಹುಚ್ಚಾಸ್ಪತ್ರೆಯೆಂದು ಜನ ತಿಳಿದಿದ್ದ ಕಾಲದಲ್ಲಿ, 1985ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಮತ್ತು ಮೂರ್ಛೆರೋಗಗಳನ್ನು ಗುರುತಿಸಿ ಚಿಕಿತ್ಸೆ ಮಾಡುವುದನ್ನು ಕಲಿಸಲು ತೊಡಗಿತು. ಕೆಲವೇ ಔಷಧಿಗಳು, ಸುಲಭವಾದ ದಾಖಲೆ, ಜಿಲ್ಲೆಯಲ್ಲಿ ಸಂದೇಹ ಬಂದಾಗ ಕೇಳಲು ಒಬ್ಬ ತಜ್ಞ – ಇಷ್ಟೇ ಅದರ ಬಂಡವಾಳ. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾರಂಭವಾದಾಗ ಅದಕ್ಕೆ ಮೇಲ್ಪಂಕ್ತಿಯಾದದ್ದು ಈ ಬಳ್ಳಾರಿಯ ಮಾದರಿಯೇ. ಅದೇ ವರ್ಷ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಆರೋಗ್ಯ ಕೇಂದ್ರವನ್ನು ಸರ್ಕಾರ, ಡಾಕ್ಟರ್ ಎಚ್. ಸುದರ್ಶನ್ ಅವರು ಕಟ್ಟಿದ ಕರುಣಾ ಟ್ರಸ್ಟಿಗೆ ನಡೆಸಲು ಒಪ್ಪಿಸಿತು. ಕುಷ್ಠರೋಗದ ಕೆಲಸದಿಂದ ಹೊರಟ ಆ ಸಂಸ್ಥೆ ಗುಂಬಳ್ಳಿಯಲ್ಲಿ ಕಲಿತದ್ದನ್ನು ಮುಂದೆ ಅರುಣಾಚಲದವರೆಗೂ ಕೊಂಡೊಯ್ದಿತು.

ಇಷ್ಟು ಹೇಳಿದ ಮೇಲೆ ನನ್ನ ಮನೆಯ ಮಾತೊಂದನ್ನು ಮುಚ್ಚಿಡುವುದು ಸರಿಯಲ್ಲ. ಊರಿನ ಹೆಸರು ಬೇಡ. ನಮ್ಮ ಸೋದರತ್ತೆಗೆ ರಕ್ತದ ಒತ್ತಡವಿತ್ತು. ಅಲ್ಲಿನ ಆಸ್ಪತ್ರೆಯಲ್ಲಿ ಬಹುಕಾಲದಿಂದ ಇದ್ದ ದಾದಿಯೊಬ್ಬರು ರಟ್ಟಿನ ನೋಟುಬುಕ್ಕೊಂದರಲ್ಲಿ ಇಂಥವರ ಹೆಸರುಗಳನ್ನೆಲ್ಲ ಬರೆದಿಟ್ಟಿದ್ದರು. ಯಾರಿಗೆ ಮಾತ್ರೆ ಯಾವತ್ತು ಮುಗಿಯುತ್ತದೆ, ರಾಗಿ ಕೊಯಿಲಿನ ಕಾಲದಲ್ಲಿ ಯಾರು ಬರುವುದಿಲ್ಲ, ಯಾರ ಮನೆಗೆ ಸೊಸೆಯ ಕೈಯಲ್ಲಿ ಹೇಳಿಕಳುಹಿಸಬೇಕು ಎಂಬುದೆಲ್ಲ ಅದರಲ್ಲಿತ್ತು. ಮೇಲಿನವರು ಕೇಳಿದ ಲೆಕ್ಕವಲ್ಲ ಅದು. ಅವರೇ ಕಂಡುಕೊಂಡ ಉಪಾಯ. ದಾದಿ ನಿವೃತ್ತರಾದರು. ನೋಟುಬುಕ್ಕು ರದ್ದಿ ಕಾಗದದೊಡನೆ ಹೋಯಿತು. ಅತ್ತೆ ಮಾತ್ರೆ ಬಿಟ್ಟು ಮೂರು ತಿಂಗಳಾಗಿದ್ದುದು ಮನೆಯವರಾದ ನಮಗೂ ತಿಳಿಯಲಿಲ್ಲ. ಪಾರ್ಶ್ವವಾಯು ಬಡಿದ ಮೇಲೆ ಅವರು ನಾಲ್ಕು ವರ್ಷ ಬದುಕಿದ್ದರು. ಬಲಗೈಯಿಂದ ಒಂದು ಲೋಟವನ್ನು ಎತ್ತಲಾರದೆ. ಯಾರನ್ನು ದೂರಲಿ? ಹೊಸದಾಗಿ ಬಂದವರಿಗೆ ಅಂಥದೊಂದು ಪುಸ್ತಕವಿತ್ತೆಂಬುದೇ ಗೊತ್ತಿರಲಿಲ್ಲ.

ಆಸ್ಪತ್ರೆಗಳು ಉಳಿಯುವುದಕ್ಕೆ ಹಣ ಬೇಕು ಎನ್ನುವರು. ಬೇಕು, ಸಂದೇಹವಿಲ್ಲ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಉಪಕೇಂದ್ರಕ್ಕೂ ಗ್ರಾಮ ಸಮಿತಿಗೂ ವರ್ಷಕ್ಕೆ ಹತ್ತು ಹತ್ತು ಸಾವಿರ ರೂಪಾಯಿಯ ಅನಿರ್ಬಂಧಿತ ಹಣವನ್ನು ಗೊತ್ತುಮಾಡಿತು; ಆಸ್ಪತ್ರೆಗೆ ಆರೋಗ್ಯ ರಕ್ಷಾ ಸಮಿತಿ, ಹಳ್ಳಿಗೆ ಆಶಾ ಕಾರ್ಯಕರ್ತೆ ಬಂದರು. ಮೊತ್ತ ಸಣ್ಣದಾದರೂ ಅದರ ಗುಣ ದೊಡ್ಡದು: ಏನು ಬೇಕೆಂಬುದನ್ನು ಅಲ್ಲಿನವರೇ ಗೊತ್ತುಮಾಡಬಹುದು. ಒಂದು ಕೇಂದ್ರದವರು ಮುರಿದ ಬಾಗಿಲನ್ನು ರಿಪೇರಿ ಮಾಡಿಸುತ್ತಾರೆ, ಇನ್ನೊಂದು ಕೇಂದ್ರದವರು ಹೆರಿಗೆಗೆ ಬಂದವರ ಜೊತೆಯವರಿಗೆ ಬೆಂಚು ಹಾಕಿಸುತ್ತಾರೆ. ಹೀಗೆ ಹತ್ತು ಕಡೆ ಹತ್ತು ಬಗೆಯಲ್ಲಿ ಖರ್ಚಾದ ಹಣದಲ್ಲಿ ಯಾವುದು ಫಲ ಕೊಟ್ಟಿತೆಂಬುದನ್ನು ಹತ್ತೂ ಕಡೆಯವರು ಕೂಡಿ ಮಾತನಾಡಿಕೊಂಡರೆ ಎಷ್ಟು ಲಾಭ! ಬದಲಾಗಿ ಮಾತೆಲ್ಲ ಮೇಲಿನಿಂದ ಕೆಳಕ್ಕೆ ಸುತ್ತೋಲೆಯಾಗಿ ಇಳಿಯುತ್ತದೆ, ಕೆಳಗಿನಿಂದ ಮೇಲಕ್ಕೆ ಅಂಕಿಯಾಗಿ ಏರುತ್ತದೆ. ಅಡ್ಡಲಾಗಿ, ಜಾವಗಲ್ಲಿನಿಂದ ಗಂಡಸಿಗೆ, ಗಂಡಸಿಯಿಂದ ಕಣಕಟ್ಟೆಗೆ ಹೋಗುವ ಮಾತಿಗೆ ನಮೂನೆಯ ಹಾಳೆಯಲ್ಲಿ ಕಾಲಂ ಇಲ್ಲ.

ಅಡ್ಡಲಾಗಿ ಹೋಗುವ ಮಾತಿನ ಬೆಲೆಯನ್ನು ದೂರದ ಅಮೆರಿಕದಲ್ಲಿ ಭಾರತೀಯ ಮೂಲದ ವೈದ್ಯರೊಬ್ಬರು ಅಳೆದು ತೋರಿಸಿದ್ದಾರೆ. ನ್ಯೂಮೆಕ್ಸಿಕೋ ವಿಶ್ವವಿದ್ಯಾನಿಲಯದ ಸಂಜೀವ್ ಅರೋರಾ ಅವರು 2003ರಲ್ಲಿ, ಯಕೃತ್ತಿನ ಒಂದು ಬಗೆಯ ಸೋಂಕಿಗೆ ಚಿಕಿತ್ಸೆ ಪಡೆಯಲು ರೋಗಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದುದನ್ನು ಕಂಡು, ಹಳ್ಳಿಯ ವೈದ್ಯರನ್ನು ವಾರಕ್ಕೊಮ್ಮೆ ದೂರದರ್ಶಕ ಪರದೆಯ ಮೇಲೆ ಕೂಡಿಸಿದರು. ಅಲ್ಲಿ ಉಪನ್ಯಾಸಕ್ಕಿಂತ ಹೆಚ್ಚಿನ ಸ್ಥಾನ, ವೈದ್ಯರು ತಂದ ಒಬ್ಬೊಬ್ಬ ರೋಗಿಯ ಕಥೆಗೆ. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹಳ್ಳಿಯಲ್ಲಿ ಗುಣವಾದವರು ನೂರಕ್ಕೆ 58.2, ವಿಶ್ವವಿದ್ಯಾನಿಲಯದಲ್ಲಿ 57.5. ನಿಮ್ಹಾನ್ಸ್ ಸಂಸ್ಥೆಯೂ ಈ ಕ್ರಮವನ್ನು ಮಾನಸಿಕ ಆರೋಗ್ಯದ ತರಬೇತಿಗೆ ಅಳವಡಿಸಿಕೊಂಡಿತು. ಯಂತ್ರದ ಮೋಹ ನನಗೆ ಹೆಚ್ಚಿಲ್ಲ. ಪರದೆಯೇ ಇಲ್ಲದೆ, ಅರಸೀಕೆರೆಯಂಥ ತಾಲ್ಲೂಕು ಊರಿನ ಒಂದು ಕೋಣೆಯಲ್ಲಿ ಬೆಂಚುಗಳನ್ನು ಸುತ್ತಲೂ ಹಾಕಿಕೊಂಡು ಕುಳಿತರೂ ಈ ಕೆಲಸ ಸಾಗೀತು.

2018ರಿಂದ ಉಪಕೇಂದ್ರಗಳು ಹೊಸ ಹೆಸರು ಪಡೆದು, ಸಮುದಾಯ ಆರೋಗ್ಯ ಅಧಿಕಾರಿಗಳೆಂಬ ಕಿರಿಯರು ಅಲ್ಲಿಗೆ ಬಂದಿದ್ದಾರೆ. ರಕ್ತದ ಒತ್ತಡ, ಸಕ್ಕರೆ ಕಾಯಿಲೆಗಳ ತಪಾಸಣೆ ಹಳ್ಳಿಯಲ್ಲಿಯೇ ಆಗುತ್ತದೆ. ಹೆಸರುಗಳು ಗಣಕಯಂತ್ರದೊಳಗೆ ಸೇರುತ್ತವೆ. ನಮ್ಮ ಅತ್ತೆಯ ಹೆಸರೂ ಅಲ್ಲಿ ಸೇರಬಹುದಾಗಿತ್ತು. ಆದರೆ ಕೊಯಿಲಿನ ತಿಂಗಳಲ್ಲಿ ಆಕೆ ಬರುವುದಿಲ್ಲ, ಸೊಸೆಯ ಕೈಯಲ್ಲಿ ಹೇಳಿಕಳುಹಿಸಬೇಕು ಎಂಬ ಸಾಲನ್ನು ಯಂತ್ರದಲ್ಲಿ ಎಲ್ಲಿ ತುಂಬುವುದೆಂದು ಕಿರಿಯರೊಬ್ಬರನ್ನು ನಾನು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ನಕ್ಕು, ಮೇಜಿನ ಖಾನೆಯನ್ನೆಳೆದು, ರಟ್ಟಿನ ನೋಟುಬುಕ್ಕೊಂದನ್ನು ತೆಗೆದು ತೋರಿಸಿದರು.