ನೆಲದ ಹೆಸರೇ ಬಂಡವಾಳ: ಫ್ರಾನ್ಸಿನ ವೈನ್ ಪ್ರಾಂತ್ಯಗಳು

1855ರಲ್ಲಿ ಪ್ಯಾರಿಸ್ ನಗರದಲ್ಲಿ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಆಳ್ವಿಕೆಯಲ್ಲಿ ವಿಶ್ವ ವಸ್ತುಪ್ರದರ್ಶನವೊಂದು ಏರ್ಪಾಡಾಯಿತು. ಅಲ್ಲಿ ಇರಿಸಬೇಕಾದ ಬೋರ್ಡೊ ಪ್ರಾಂತ್ಯದ ವೈನುಗಳ ವಿವರವನ್ನು ಸಿದ್ಧಪಡಿಸುವ ಹೊಣೆ ಬೋರ್ಡೊ ನಗರದ ವಾಣಿಜ್ಯ ಮಂಡಳಿಗೆ ಬಂದಿತು. ಮಂಡಳಿಯು ವೈನ್ ದಲ್ಲಾಳಿಗಳ ಸಂಘದಿಂದ ಪಟ್ಟಿಯೊಂದನ್ನು ಕೋರಿತು. ಯಾವ ತೋಟದ ವೈನು ಮಾರುಕಟ್ಟೆಯಲ್ಲಿ ಎಷ್ಟು ಬೆಲೆಗೆ ಹೋಗುತ್ತದೆಂಬುದನ್ನು ಬಹುಕಾಲದಿಂದ ಕಂಡಿದ್ದ ದಲ್ಲಾಳಿಗಳು ಆ ಅನುಭವವನ್ನೇ ಆಧಾರವಾಗಿರಿಸಿಕೊಂಡು ಕೆಂಪು ವೈನಿನ ಹೆಸರಾಂತ ತೋಟಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಒಂದು ಪ್ರದರ್ಶನಕ್ಕೆಂದು ತಯಾರಾದ ಆ ಪಟ್ಟಿ ಇಂದಿಗೂ ಊರ್ಜಿತದಲ್ಲಿದೆ. ಇಷ್ಟು ದೀರ್ಘ ಅವಧಿಯಲ್ಲಿ ಎರಡನೆಯ ದರ್ಜೆಯಿಂದ ಮೊದಲನೆಯ ದರ್ಜೆಗೆ ಏರಿದ್ದು ಒಂದೇ ಒಂದು ತೋಟ, ಮೂತೋನ್ ರೋಥ್‌ಶಿಲ್ಡ್, ಅದೂ 1973ರಲ್ಲಿ.

ಕೃಷಿ ಉತ್ಪನ್ನವೊಂದರ ಬೆಲೆ ಒಂದೂವರೆ ಶತಮಾನ ಕಾಲ ತನ್ನ ಹುಟ್ಟಿದ ಸ್ಥಳವನ್ನು ಅವಲಂಬಿಸಿ ನಿಂತಿರುವ ಈ ಬಗೆಯು ವಾಣಿಜ್ಯ ಕ್ಷೇತ್ರದವರು ಅರಿಯತಕ್ಕ ವಿಷಯವಾಗಿದೆ. ಫ್ರಾನ್ಸಿನಲ್ಲಿ ಸ್ಥಳನಾಮವು ಹೇಗೆ ಬಂಡವಾಳವಾಯಿತು, ಅದನ್ನು ಕಾಪಾಡಲು ಏನು ಮಾಡಬೇಕಾಯಿತು, ಅದರ ಮಿತಿ ಎಲ್ಲಿದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಮಣ್ಣು, ಇಳಿಜಾರು, ಹವೆ

ಫ್ರೆಂಚರು 'ತೆರ್ವಾರ್' ಎಂಬ ಶಬ್ದವನ್ನು ಬಳಸುತ್ತಾರೆ. ಮಣ್ಣಿನ ಗುಣ, ಭೂಮಿಯ ಇಳಿಜಾರು, ಬಿಸಿಲು, ಗಾಳಿ, ಮಳೆ ಹಾಗೂ ಆ ಸ್ಥಳದಲ್ಲಿ ತಲೆತಲಾಂತರದಿಂದ ರೂಢಿಯಾದ ಬೇಸಾಯ ಕ್ರಮ, ಇವೆಲ್ಲವೂ ಆ ಒಂದು ಶಬ್ದದಲ್ಲಿ ಅಡಕವಾಗಿವೆ. ಒಂದೇ ಜಾತಿಯ ಕಾಫಿ ಗಿಡ ಬಾಬಾಬುಡನ್‌ಗಿರಿಯಲ್ಲಿ ಒಂದು ರುಚಿಯನ್ನೂ ಕೊಡಗಿನಲ್ಲಿ ಇನ್ನೊಂದು ರುಚಿಯನ್ನೂ ಕೊಡುವುದನ್ನು ಬಲ್ಲ ನಮ್ಮ ವರ್ತಕರಿಗೆ ಇದು ಅಪರಿಚಿತ ಕಲ್ಪನೆಯೇನಲ್ಲ.

ವೈನ್ ದ್ರಾಕ್ಷಿಯ ವಿಶೇಷವೆಂದರೆ ಅದಕ್ಕೆ ಅತಿ ಫಲವತ್ತಾದ ನೆಲ ಒಗ್ಗದು. ಗೊಬ್ಬರ, ನೀರು ಧಾರಾಳವಾಗಿ ಸಿಕ್ಕರೆ ಬಳ್ಳಿ ಹಬ್ಬಿ ಎಲೆ ಹೆಚ್ಚುತ್ತದೆ. ಕಾಯಿ ದಪ್ಪವಾದರೂ ರಸ ತೆಳುವಾಗುತ್ತದೆ. ನೀರು ನಿಲ್ಲದ ಬಡ ಭೂಮಿಯಲ್ಲಿ ಬೇರು ಆಳಕ್ಕಿಳಿಯುತ್ತದೆ, ಹಣ್ಣು ಸಣ್ಣದಾಗಿ ಸಾರವತ್ತಾಗಿರುತ್ತದೆ. ಬೇರೆ ಬೆಳೆಗಳಿಗೆ ಒಲ್ಲದ ನೆಲವೇ ಫ್ರಾನ್ಸಿನ ಹಲವೆಡೆ ದುಬಾರಿ ನೆಲವಾಗಿರುವುದಕ್ಕೆ ಇದೇ ಕಾರಣ.

ಪ್ರಾಂತ್ಯಗಳ ಪರಿಚಯ

ನೈಋತ್ಯ ಭಾಗದ ಬೋರ್ಡೊದಲ್ಲಿ ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಜಿರೋಂದ್ ಎಂಬ ಅಳಿವೆಯಾಗಿ ಅಟ್ಲಾಂಟಿಕ್ ಸಾಗರವನ್ನು ಸೇರುತ್ತವೆ. ಎಡದಂಡೆಯ ಮೆಡಾಕ್ ಪ್ರದೇಶವು ಒಂದು ಕಾಲಕ್ಕೆ ಜೌಗು ಭೂಮಿ. ಹದಿನೇಳನೆಯ ಶತಮಾನದಲ್ಲಿ ಡಚ್ ತಂತ್ರಜ್ಞರು ಕಾಲುವೆ ತೋಡಿ ನೀರನ್ನು ಬಸಿದ ಮೇಲೆ ಅಲ್ಲಿನ ಗರಸು ದಿಬ್ಬಗಳು ಬಳ್ಳಿ ನೆಡಲು ಅನುಕೂಲವಾದವು. ಗರಸು ನೆಲ ನೀರನ್ನು ಬೇಗ ಬಸಿಯುತ್ತದೆ, ಬಿಸಿಲಿನ ಕಾವನ್ನು ಹಿಡಿದಿಡುತ್ತದೆ. ತಡವಾಗಿ ಮಾಗುವ ಕಬರ್ನೆ ಸೊವಿನ್ಯೋ ತಳಿಗೆ ಇದು ತಕ್ಕುದು. ಬಲದಂಡೆಯ ಸೇಂತ್ ಎಮಿಲಿಯೋನ್, ಪೊಮೆರೋಲ್ ಪ್ರದೇಶಗಳಲ್ಲಿ ಜೇಡಿ ಮತ್ತು ಸುಣ್ಣಕಲ್ಲು ಹೆಚ್ಚು. ಅಲ್ಲಿ ಬೇಗ ಮಾಗುವ ಮೆರ್ಲೋ ತಳಿಗೆ ಪ್ರಾಧಾನ್ಯ.

ಪೂರ್ವ ಭಾಗದ ಬರ್ಗಂಡಿಯ ಚಿತ್ರ ಬೇರೆ. ದಿಜೋನ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿಲೋಮೀಟರ್ ಉದ್ದಕ್ಕೆ ಚಾಚಿದ ಕಿರಿದಾದ ಗುಡ್ಡಸಾಲೇ ಅದರ ಹೃದಯ. ನೆತ್ತಿಯಲ್ಲಿ ಮಣ್ಣಿನ ಪದರ ತೀರ ತೆಳು, ತಪ್ಪಲಿನಲ್ಲಿ ಮಣ್ಣು ದಪ್ಪ ಮತ್ತು ತೇವ. ಮೂಡಣ ಬಿಸಿಲು ಬೀಳುವ ನಡುವಿನ ಪಟ್ಟಿಯೇ ಶ್ರೇಷ್ಠ. ಮಧ್ಯಯುಗದ ಸಿಸ್ಟರ್ಶಿಯನ್ ಸನ್ಯಾಸಿಗಳು ಇಂತಹ ವ್ಯತ್ಯಾಸಗಳನ್ನು ಗಮನಿಸಿ ತೋಟಗಳಿಗೆ ಗಡಿಗೋಡೆ ಕಟ್ಟಿದರು. 'ಕ್ಲಿಮಾ' ಎಂದು ಕರೆಯುವ ಇಂತಹ 1,247 ತಾಕುಗಳ ಈ ಭೂದೃಶ್ಯವನ್ನು ಯುನೆಸ್ಕೊ ಸಂಸ್ಥೆಯು 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೋರ್ಡೊದ 1855ರ ದರ್ಜೆ ಒಡೆತನದ ಎಸ್ಟೇಟಿಗೆ ಸಲ್ಲುತ್ತದೆ. ಬರ್ಗಂಡಿಯಲ್ಲಿ ದರ್ಜೆ ಸಲ್ಲುವುದು ನೆಲಕ್ಕೆ, ಒಡೆಯ ಯಾರೇ ಆಗಿರಲಿ. ಸುಮಾರು 50 ಹೆಕ್ಟೇರುಗಳ ಕ್ಲೋ ದ ವೂಜೋ ಎಂಬ ಒಂದೇ ತೋಟಕ್ಕೆ ಇಂದು ಸುಮಾರು 80 ಮಂದಿ ಒಡೆಯರಿದ್ದಾರೆ. ಕ್ರಾಂತಿಯ ಕಾಲದಲ್ಲಿ ಮಠದ ಆಸ್ತಿ ಮುಟ್ಟುಗೋಲಾದದ್ದೂ, ಮಕ್ಕಳಿಗೆಲ್ಲ ಸಮಪಾಲು ನೀಡುವ ಉತ್ತರಾಧಿಕಾರ ಕಾನೂನೂ ಬರ್ಗಂಡಿಯ ಹಿಡುವಳಿಗಳು ಹೀಗೆ ಒಡೆಯಲು ಮುಖ್ಯ ಕಾರಣಗಳು.

ಈಶಾನ್ಯದ ಶಾಂಪೇನ್ ಪ್ರಾಂತ್ಯವು ದ್ರಾಕ್ಷಿ ಬೇಸಾಯದ ಉತ್ತರದ ಅಂಚಿನಲ್ಲಿದೆ. ಚಳಿಯಿಂದಾಗಿ ಹಣ್ಣಿನಲ್ಲಿ ಹುಳಿ ಹೆಚ್ಚು. ಈ ಕೊರತೆಯೇ ಅಲ್ಲಿ ಸಂಪತ್ತಾಯಿತು. ಸೀಸೆಯೊಳಗೇ ಎರಡನೆಯ ಬಾರಿ ಹುದುಗುವಂತೆ ಮಾಡಿ ನೊರೆಯುಕ್ಕುವ ವೈನನ್ನು ತಯಾರಿಸಲು ಹುಳಿ ರಸವೇ ಬೇಕು. ಸೀಸೆಗಳನ್ನು ವರ್ಷಗಟ್ಟಲೆ ತಂಪಾಗಿಡಲು ಸೀಮೆಸುಣ್ಣದ ಬಂಡೆಯಲ್ಲಿ ಕೊರೆದ ನೆಲಮಾಳಿಗೆಗಳೂ ಒದಗಿದವು.

ದಕ್ಷಿಣಕ್ಕೆ ಇಳಿದರೆ ರೋನ್ ಕಣಿವೆ. ಅದರ ಉತ್ತರ ಭಾಗದಲ್ಲಿ ಕಡಿದಾದ ಬಂಡೆಗುಡ್ಡಗಳ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟಗಳಲ್ಲಿ ಸಿರಾ ತಳಿಯನ್ನು ಬಹುತೇಕ ಕೈಕೆಲಸದಿಂದಲೇ ಬೆಳೆಯುತ್ತಾರೆ. ದಕ್ಷಿಣದ ಶಾತೋನೆಫ್ ದು ಪಾಪ್‌ನಲ್ಲಿ ನೆಲದ ತುಂಬ ಉರುಟು ಕಲ್ಲುಗಳು. ಹಗಲಿನಲ್ಲಿ ಹೀರಿದ ಕಾವನ್ನು ಅವು ರಾತ್ರಿ ಬಿಡುತ್ತವೆ. ಅಲ್ಲಿ ಬೀಸುವ ಮಿಸ್ತ್ರಾಲ್ ಎಂಬ ಒಣಗಾಳಿ ಬಳ್ಳಿಗಳಿಗೆ ಬೂಷ್ಟು ಹಿಡಿಯದಂತೆ ಕಾಯುತ್ತದೆ.

ಹೆಸರಿಗಾಗಿ ನಡೆದ ಹೋರಾಟ

ಪ್ರಕೃತಿಯ ಕೊಡುಗೆಯೊಂದರಿಂದಲೇ ಈ ಹೆಸರುಗಳು ಉಳಿಯಲಿಲ್ಲ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೋಕ್ಸೆರಾ ಎಂಬ ಬೇರು ತಿನ್ನುವ ಕೀಟವು ಫ್ರಾನ್ಸಿನ ತೋಟಗಳನ್ನು ನಾಶಮಾಡಿತು. ಆ ಕೀಟವನ್ನು ತಾಳಬಲ್ಲ ಅಮೆರಿಕದ ಬೇರುಕಾಂಡಕ್ಕೆ ಫ್ರೆಂಚ್ ತಳಿಗಳನ್ನು ಕಸಿಮಾಡಿ ತೋಟಗಳನ್ನು ಮರಳಿ ಎಬ್ಬಿಸಲಾಯಿತು. ಆದರೆ ಕೊರತೆಯ ಕಾಲದಲ್ಲಿ ಸಕ್ಕರೆ ನೀರು ಬೆರೆಸಿದ ಕಲಬೆರಕೆ ವೈನು ಮಾರುಕಟ್ಟೆಗೆ ನುಗ್ಗಿತ್ತು. ಮುಂದೆ ಉತ್ಪಾದನೆ ಹೆಚ್ಚಿದಾಗ ಬೆಲೆ ಕುಸಿಯಿತು. 1907ರಲ್ಲಿ ದಕ್ಷಿಣದ ಲಾಂಗ್ದೊಕ್ ಪ್ರಾಂತ್ಯದ ಲಕ್ಷಾಂತರ ಬೆಳೆಗಾರರು ಬೀದಿಗಿಳಿದರು. ನಾರ್ಬೊನ್ ಪಟ್ಟಣದಲ್ಲಿ ಸೈನಿಕರು ಗುಂಡು ಹಾರಿಸಿ ಸಾವುಗಳು ಸಂಭವಿಸಿದವು.

ಶಾಂಪೇನಿನಲ್ಲಿ ಹೊರಗಿನ ದ್ರಾಕ್ಷಿ ತರಿಸಿ ಅದೇ ಹೆಸರಿನಲ್ಲಿ ಮಾರುವ ವರ್ತಕರ ವಿರುದ್ಧ 1911ರಲ್ಲಿ ದಂಗೆಯೆದ್ದಿತು, ದಾಸ್ತಾನು ಮಳಿಗೆಗಳು ಧ್ವಂಸವಾದವು. 1908ರಲ್ಲಿ ಸರ್ಕಾರ ಗೊತ್ತುಪಡಿಸಿದ ಗಡಿಯಿಂದ ಓಬ್ ಜಿಲ್ಲೆ ಹೊರಗುಳಿದದ್ದು ಇನ್ನೊಂದು ಕಿಡಿ. ಆ ಜಿಲ್ಲೆಯ ಬೆಳೆಗಾರರಿಗೆ ಪೂರ್ಣ ಹಕ್ಕು ದೊರೆತದ್ದು 1927ರಲ್ಲಿ.

ಕೊನೆಗೆ ದಾರಿ ತೋರಿದ್ದು ಬೆಳೆಗಾರರ ಸ್ವಯಂಶಿಸ್ತು. ಶಾತೋನೆಫ್ ದು ಪಾಪ್‌ನ ಬೆಳೆಗಾರರು ಬ್ಯಾರನ್ ಪಿಯೆರ್ ಲ ರ್ವಾ ಎಂಬ ವಕೀಲನ ಮುಂದಾಳ್ತನದಲ್ಲಿ 1923ರಲ್ಲಿ ತಮಗೆ ತಾವೇ ನಿಯಮಗಳನ್ನು ರೂಪಿಸಿಕೊಂಡರು. ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ಬೆಳೆಯುವಂತಹ ಬಡ ನೆಲಕ್ಕೆ ಮಾತ್ರ ಆ ಹೆಸರು. ತಳಿ ಇಂತಹದೇ, ಕತ್ತರಿಸುವ ಕ್ರಮ ಹೀಗೆಯೇ, ಮದ್ಯಾಂಶ ಇಷ್ಟಕ್ಕೆ ಕಡಿಮೆ ಇರಬಾರದು ಎಂದು ಅವರು ವಿಧಿಸಿಕೊಂಡರು. 1935ರ ಜುಲೈ 30ರ ಶಾಸನದ ಮೂಲಕ ಈ ಮಾದರಿ ಇಡೀ ರಾಷ್ಟ್ರಕ್ಕೆ ವಿಸ್ತರಿಸಿತು. ಅದರ ಆಡಳಿತ ನೋಡಿಕೊಳ್ಳಲು ಸ್ಥಾಪಿತವಾದ ಸಮಿತಿಯೇ ಇಂದಿನ ಐ.ಎನ್.ಎ.ಓ. ಸಂಸ್ಥೆಯ ಮೂಲ.

ಇದರ ಆರ್ಥಿಕ ಅರ್ಥ ಗಮನಾರ್ಹವಾದುದು. ಸಂಸ್ಥೆಯೊಂದರ ವ್ಯಾಪಾರಮುದ್ರೆಯನ್ನು ಮಾರಬಹುದು, ಬೇರೆಡೆಗೆ ಒಯ್ಯಬಹುದು. ಸ್ಥಳನಾಮವನ್ನು ಒಯ್ಯಲಾಗದು, ಆ ಗಡಿಯೊಳಗೆ ನಿಯಮ ಪಾಲಿಸುವ ಸಣ್ಣ ಹಿಡುವಳಿದಾರನಿಗೂ ಅದರಲ್ಲಿ ಸಮಾನ ಹಕ್ಕಿದೆ. ಶಾಂಪೇನಿನ ಸುಮಾರು 34 ಸಾವಿರ ಹೆಕ್ಟೇರುಗಳ ಬಹುಭಾಗ ಬೆಳೆಗಾರರ ಕೈಯಲ್ಲಿದೆ, ಮಾರಾಟದ ಬಹುಪಾಲು ದೊಡ್ಡ ಸಂಸ್ಥೆಗಳ ಕೈಯಲ್ಲಿದೆ. ಹಣ್ಣಿಗಾಗಿ ಸಂಸ್ಥೆಗಳು ಅದೇ ಗಡಿಯೊಳಗಿನ ಬೆಳೆಗಾರರ ಬಳಿಗೇ ಬರಬೇಕಾಗಿರುವುದರಿಂದ ಬೆಳೆಗಾರನ ಮಾತಿಗೂ ತೂಕವಿದೆ.

ಹೆಸರಿನ ಮಿತಿ

ಆದರೂ ಹೆಸರು ಸರ್ವರಕ್ಷೆಯಲ್ಲ. ಮೊದಲನೆಯ ಸಂಕಟ ಹವಾಮಾನದ್ದು. ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದ ಲಭ್ಯವಿರುವ ಕೊಯ್ಲಿನ ದಿನಾಂಕಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 1988ರಿಂದೀಚೆಗೆ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮುಂಚೆ ನಡೆಯುತ್ತಿದೆ. ಸೆಕೆ ಹೆಚ್ಚಿದಂತೆ ಹಣ್ಣಿನಲ್ಲಿ ಸಕ್ಕರೆ ಏರಿ ಹುಳಿ ಇಳಿಯುತ್ತದೆ. ವೈನಿನ ಸ್ವಭಾವವೇ ಬದಲಾಗುತ್ತದೆ. ತಳಿಯನ್ನು ಬದಲಿಸೋಣವೆಂದರೆ ಹೆಸರಿನ ನಿಯಮ ಬಿಡದು. ಬೋರ್ಡೊದಲ್ಲಿ 2021ರಲ್ಲಿ ಆರು ಹೊಸ ತಳಿಗಳಿಗೆ ಪ್ರಾಯೋಗಿಕವಾಗಿ ಅನುಮತಿ ದೊರೆಯಿತಾದರೂ ತೋಟದ ವಿಸ್ತೀರ್ಣದಲ್ಲಿ ಶೇಕಡಾ 5, ಮಿಶ್ರಣದಲ್ಲಿ ಶೇಕಡಾ 10 ಎಂಬ ಮಿತಿಯನ್ನು ಹೇರಲಾಯಿತು. ನೆಲದ ಗುಣವೇ ಬದಲಾಗುತ್ತಿರುವಾಗ ಆ ನೆಲದ ಹೆಸರು ಯಾವುದಕ್ಕೆ ಸಾಕ್ಷಿಯಾಗಬೇಕು ಎಂಬ ಪ್ರಶ್ನೆ ಅಲ್ಲಿನ ಬೆಳೆಗಾರರ ಮುಂದಿದೆ.

ಎರಡನೆಯದು ಬೇಡಿಕೆಯ ಕುಸಿತ. 1960ರ ಸುಮಾರಿಗೆ ಫ್ರಾನ್ಸಿನಲ್ಲಿ ತಲಾ ವಾರ್ಷಿಕ ಬಳಕೆ 120 ಲೀಟರುಗಳನ್ನು ಮೀರಿತ್ತು. ಈಚಿನ ವರ್ಷಗಳಲ್ಲಿ ಅದು 40 ಲೀಟರುಗಳ ಆಸುಪಾಸಿಗೆ ಇಳಿದಿದೆ. 2023ರಲ್ಲಿ ಬೋರ್ಡೊದ ಸುಮಾರು 9,500 ಹೆಕ್ಟೇರ್ ಬಳ್ಳಿಯನ್ನು ಕಿತ್ತುಹಾಕಲು ಹೆಕ್ಟೇರಿಗೆ 6,000 ಯೂರೋ ಪರಿಹಾರ ನೀಡುವ ಯೋಜನೆ ಪ್ರಕಟವಾಯಿತು. ಬಳ್ಳಿ ಕೀಳಬೇಕಾಗಿ ಬಂದದ್ದು 1855ರ ಪಟ್ಟಿಯ ತೋಟಗಳಿಗಲ್ಲ; ಪ್ರಾಂತ್ಯದ ಸಾಮಾನ್ಯ ಹೆಸರಿನಲ್ಲಿ ಅಗ್ಗದ ಕೆಂಪು ವೈನ್ ಮಾರುತ್ತಿದ್ದ ಬೆಳೆಗಾರರಿಗೆ. ಒಂದೇ ಹೆಸರು ವಿಸ್ತಾರವಾದ ಪ್ರದೇಶಕ್ಕೆ ಹಂಚಿಹೋದಾಗ ಅದು ಕೊಡುವ ಬೆಲೆಯೂ ತೆಳುವಾಗುತ್ತದೆ.

ನಮಗೆ ಇದರ ಪ್ರಸ್ತುತತೆ

ವಿಶ್ವ ವ್ಯಾಪಾರ ಸಂಸ್ಥೆಯ ಬೌದ್ಧಿಕ ಸ್ವತ್ತಿನ ಒಪ್ಪಂದವು ವೈನು ಹಾಗೂ ಇತರ ಮದ್ಯಗಳ ಸ್ಥಳನಾಮಗಳಿಗೆ ವಿಶೇಷ ರಕ್ಷಣೆ ನೀಡಿದೆ. ಇತರ ಉತ್ಪನ್ನಗಳಿಗೂ ಅದೇ ರಕ್ಷಣೆ ಬೇಕೆಂಬುದು ಭಾರತದ ಬೇಡಿಕೆ. ನಮ್ಮ ಭೌಗೋಳಿಕ ಸೂಚನೆಗಳ ಅಧಿನಿಯಮವು 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂದಿತು. ಮೈಸೂರು ರೇಷ್ಮೆ, ಕೊಡಗಿನ ಕಿತ್ತಳೆ, ನಂಜನಗೂಡು ರಸಬಾಳೆ, ಬೆಂಗಳೂರು ನೀಲಿ ದ್ರಾಕ್ಷಿ ಮೊದಲಾದವು ನೋಂದಣಿ ಪಡೆದಿವೆ; 2019ರಲ್ಲಿ ಕೊಡಗು, ಚಿಕ್ಕಮಗಳೂರು ಹಾಗೂ ಬಾಬಾಬುಡನ್‌ಗಿರಿಯ ಅರೇಬಿಕಾ ಕಾಫಿಗಳೂ ಈ ಸಾಲಿಗೆ ಸೇರಿದವು.

ನೋಂದಣಿಯ ಪ್ರಮಾಣಪತ್ರವು ಕಾರ್ಯದ ಆರಂಭ ಮಾತ್ರ. ಗಡಿಯನ್ನು ಕಾಯುವವರು ಯಾರು, ಹೊರಗಿನ ಸರಕು ಅದೇ ಹೆಸರಿನಲ್ಲಿ ಬಂದರೆ ತಡೆಯುವವರು ಯಾರು, ಗುಣಮಟ್ಟ ತಪ್ಪಿದ ತಮ್ಮವರನ್ನೇ ಹೆಸರಿನಿಂದ ಹೊರಗಿಡುವ ಧೈರ್ಯ ಬೆಳೆಗಾರರ ಸಂಘಕ್ಕೆ ಇದೆಯೇ ಎಂಬ ಪ್ರಶ್ನೆಗಳಿಗೆ ಪ್ರತಿಯೊಂದು ಹೆಸರಿನ ವಾರಸುದಾರರೂ ಉತ್ತರ ಕಂಡುಕೊಳ್ಳಬೇಕಾಗಿದೆ. ಶಾಂಪೇನಿನಲ್ಲಿ ಗಡಿಯೊಂದನ್ನು ಎಲ್ಲರೂ ಒಪ್ಪುವಂತೆ ಎಳೆಯಲು 1908ರಿಂದ 1927ರವರೆಗೆ ಹತ್ತೊಂಬತ್ತು ವರ್ಷಗಳು ಹಿಡಿದವು ಎಂಬುದನ್ನು ಈ ಸಂದರ್ಭದಲ್ಲಿ ನೆನೆಯುವುದು ಸೂಕ್ತ.