ಬೇತಮಂಗಲದ ಕೆರೆಯಲ್ಲಿ ಕೊರವನ ಬೇಟೆ

ಗಾಳ ಹಾಕುವುದು ಸೋಮಾರಿಗಳ ಕಸುಬೆಂದು ನಾನು ಬಹುಕಾಲ ನಂಬಿದ್ದೆ. ಕಳೆದ ಮಳೆಗಾಲದ ಒಂದು ಭಾನುವಾರ ಬೇತಮಂಗಲದ ಕೆರೆಯ ದಡದಲ್ಲಿ ಮೂರು ಗಂಟೆಗಳ ಕಾಲ ಕುಳಿತು ಬರಿಗೈಯಲ್ಲಿ ಮನೆಗೆ ಹಿಂದಿರುಗಿದ ಮೇಲೆ ಆ ನಂಬಿಕೆಯನ್ನು ಬಿಡಬೇಕಾಯಿತು.

ರಾಬರ್ಟ್‌ಸನ್‌ಪೇಟೆಯವರಿಗೆ ಈ ಕೆರೆ ಹೊಸದಲ್ಲ. ಪಾಲಾರ್ ನದಿಯ ನೀರನ್ನು ತಡೆದು ನಿಲ್ಲಿಸಿರುವ ಈ ಪ್ರಾಚೀನ ಕೆರೆಯೇ ಚಿನ್ನದ ಗಣಿಗಳಿಗೂ ಗಣಿಯ ಜನರಿಗೂ ನೀರುಣಿಸಿದುದು. ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. 2001ರಲ್ಲಿ ಗಣಿಗಳು ಮುಚ್ಚಿದುವು. ಕೆರೆ ಮಾತ್ರ ಉಳಿಯಿತು. ಬರಗಾಲದಲ್ಲಿ ಅದರ ಅಂಗಳ ಬಿರುಕು ಬಿಟ್ಟುದನ್ನೂ, 2021ರ ನವೆಂಬರಿನಲ್ಲಿ ಪಾಲಾರ್ ಉಕ್ಕಿ ಹರಿದುದನ್ನೂ ನಮ್ಮ ತಲೆಮಾರಿನವರೇ ಕಂಡಿದ್ದೇವೆ.

ಈ ಸೀಮೆಯ ಕೆರೆಗಳ ಹುಲಿಯೆಂದರೆ ಕೊರವ. ತೆಲುಗರು ಇದನ್ನು ಕೊರ್ರಮೀನೆನ್ನುತ್ತಾರೆ; ತಮಿಳರು ವಿರಾಲ್ ಎನ್ನುತ್ತಾರೆ. ಹಾವಿನಂಥ ತಲೆ, ಉರುಳೆಯಂಥ ಮೈ, ಬಾಯಿತುಂಬ ಹಲ್ಲು. ಅಮೆರಿಕದ ಉತ್ತರ ಭಾಗದ ಸರೋವರಗಳಲ್ಲಿ ಮಸ್ಕಿ ಎಂಬ ದೈತ್ಯಮೀನು ಜೊಂಡಿನ ಮರೆಯಲ್ಲಿ ಹೊಂಚು ಹಾಕುತ್ತದೆ. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಮ್ಮೆ ಸಿಕ್ಕುತ್ತದೆಂದು ಅಲ್ಲಿಯ ಬೇಟೆಗಾರರು ಹೇಳುವುದುಂಟು. ನಮ್ಮ ಕೊರವ ಗಾತ್ರದಲ್ಲಿ ಅದಕ್ಕೆ ಸಮನಲ್ಲದಿದ್ದರೂ ಹೊಂಚಿನಲ್ಲಿ ಕಡಿಮೆಯದೇನೂ ಅಲ್ಲ.

ಮೀನು ಹಿಡಿಯುವ ವಿದ್ಯೆಯ ವಿಷಯವಾಗಿ ನನಗಿದ್ದುದು ಪುಸ್ತಕದ ತಿಳಿವಳಿಕೆಯಷ್ಟೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವೆಂಬ ತನ್ನ ಸಂಸ್ಕೃತ ಗ್ರಂಥದಲ್ಲಿ ‘ಮತ್ಸ್ಯವಿನೋದ’ಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟು, ಮೀನಿನ ಜಾತಿಗಳು, ಅವಕ್ಕೆ ಹಾಕಬೇಕಾದ ಆಹಾರ, ಗಾಳ, ಕೋಲು, ದಾರ ಇವೆಲ್ಲವನ್ನೂ ವಿವರಿಸಿದ್ದಾನೆ. ಆದರೆ ದೊರೆಯ ಗ್ರಂಥ ನನ್ನ ಕೈಗೆ ಮೀನು ಕೊಡಲಿಲ್ಲ. ಅದಕ್ಕೆ ನೆರೆಮನೆಯ ಯಜಮಾನರೇ ಬೇಕಾದರು. ಯೌವನವನ್ನೆಲ್ಲ ಭೂಮಿಯ ಹೊಟ್ಟೆಯಲ್ಲಿ ಕಳೆದು ನಿವೃತ್ತರಾದ ಗಣಿಕಾರ್ಮಿಕರು ಅವರು.

“ಎಲ್ಲಿ ಕೂರಬೇಕು, ಯಜಮಾನರೇ?” ಎಂದೆ.

“ನೀರು ನೋಡಬೇಡಿ ಸಾರ್, ಜೊಂಡು ನೋಡಿ,” ಎಂದರು.

ಕೊರವ ನಡುನೀರಿನ ಮೀನಲ್ಲ. ಜೊಂಡು, ತಾವರೆಯೆಲೆ, ಮುಳುಗಿದ ಜಾಲಿಯ ಮುಳ್ಳು ಇವುಗಳ ಅಂಚಿನಲ್ಲಿ, ಮೊಣಕಾಲುದ್ದದ ನೀರಿನಲ್ಲೇ ಅದರ ವಾಸ. ಇನ್ನೊಂದು ಗುರುತೂ ಉಂಟು. ಕಿವಿರಿನಿಂದ ಮಾತ್ರವೇ ಉಸಿರಾಡಿ ಈ ಮೀನು ಬದುಕಲಾರದು. ಅದರ ತಲೆಯಲ್ಲಿ ಗಾಳಿಯನ್ನು ಹಿಡಿದಿಡುವ ಗೂಡಿದೆ. ಆಗಾಗ ಮೇಲೆ ಬಂದು ಗಾಳಿಯನ್ನು ಗುಟುಕರಿಸಲೇಬೇಕು. ಕೆರೆ ಬತ್ತಿದರೂ ಒದ್ದೆ ಕೆಸರಿನಲ್ಲಿ ಹುದುಗಿ ಇದು ಬಹಳ ದಿನ ಜೀವ ಹಿಡಿದಿರುವುದು ಇದೇ ಶಕ್ತಿಯಿಂದ. ‘ಗುಳುಕ್’ ಎಂಬ ಸದ್ದು ಕೇಳಿ, ಬಳೆಯಗಲದ ಅಲೆ ಎದ್ದಿತೆಂದರೆ ಕೊರವ ಅಲ್ಲಿಯೇ ಇದೆಯೆಂದು ತಿಳಿಯಬೇಕು.

ಬೆಳಗಿನ ಮತ್ತು ಸಂಜೆಯ ತಂಪು ಹೊತ್ತೇ ಪ್ರಶಸ್ತ. ಎರೆಹುಳುವಿಗಿಂತ ಸಣ್ಣ ಮೀನೇ ಮೇಲು. ಈಗಿನ ಹುಡುಗರು ರಬ್ಬರಿನ ಕಪ್ಪೆಯನ್ನು ಎಲೆಗಳ ಮೇಲೆ ಜಿಗಿಸುತ್ತಾರೆ. ದಾರ ಗಟ್ಟಿಯಾಗಿರಬೇಕು, ಗಾಳ ಕಚ್ಚಿದ ಕೊರವ ನೇರವಾಗಿ ಜೊಂಡಿಗೇ ನುಗ್ಗಿ ಸುತ್ತಿಕೊಳ್ಳುವುದರಿಂದ ನಯವಾದ ದಾರ ಕ್ಷಣದಲ್ಲಿ ಹರಿದುಹೋಗುತ್ತದೆ. ದಡದಲ್ಲಿ ಕಾಲು ಸಪ್ಪಳವೂ, ನೀರಿನ ಮೇಲೆ ನಮ್ಮ ನೆರಳೂ ಬೀಳಕೂಡದು.

ಎರಡು ಗಂಟೆ ಕಳೆದರೂ ನನ್ನ ಬೆಂಡು ಅಲುಗಲಿಲ್ಲ. ಅಷ್ಟರಲ್ಲಿ ಜೊಂಡಿನ ನಡುವಣ ತಿಳಿನೀರಿನಲ್ಲಿ ಕುಂಕುಮ ಚೆಲ್ಲಿದಂತೆ ಏನೋ ಕೆಂಪಗೆ ಕದಲಿತು. ನೂರಾರು ಮರಿಗಳ ಹಿಂಡು! ಅದರ ಕೆಳಗೆ ಕಪ್ಪಾದ ದೊಡ್ಡ ನೆರಳೊಂದು ನಿಂತಿತ್ತು. ನಾನು ಉತ್ಸಾಹದಿಂದ ಗಾಳವನ್ನು ಅತ್ತ ಬೀಸಿದೆ. ಆ ನೆರಳು ಬಾಣದಂತೆ ಮೇಲಕ್ಕೆ ನುಗ್ಗಿತು.

“ಎತ್ತಿಬಿಡಿ ಸಾರ್!” ಎಂದು ಯಜಮಾನರು ನನ್ನ ಕೈಯನ್ನೇ ಹಿಡಿದೆಳೆದರು. ಗಾಳ ತಪ್ಪಿತು. ನನಗೆ ಕೋಪವೇ ಬಂದಿತು.

“ಅದು ಹಸಿವಿಗೆ ಬಂದದ್ದಲ್ಲ ಸಾರ್. ಮರಿ ಕಾಯೋಕೆ ಬಂದದ್ದು,” ಎಂದರವರು ಮೆಲ್ಲಗೆ. “ಇದನ್ನು ಹಿಡಿದರೆ ಸಾಯಂಕಾಲದೊಳಗೆ ಮರಿಯೆಲ್ಲ ಬೇರೆ ಮೀನಿನ ಹೊಟ್ಟೆಗೆ ಹೋಗುತ್ತೆ. ಮುಂದಿನ ವರ್ಷ ನಿಮ್ಮ ಗಾಳಕ್ಕೆ ಏನು ಸಿಕ್ಕೀತು?”

ಕೊರವ ಸಿಕ್ಕುವುದು ಖಚಿತವಾದ ಜಾಗವೆಂದರೆ ಮರಿಗಳ ಹಿಂಡು. ಹತ್ತಿರ ಸುಳಿದುದೇನಿದ್ದರೂ ತಾಯಿತಂದೆಗಳು ಮೇಲೆ ಬೀಳುತ್ತವೆ. ಹಸುಳೆಯೂ ಗಾಳ ಬಿಟ್ಟು ಗೆಲ್ಲಬಹುದು. ಆದುದರಿಂದಲೇ ಅಲ್ಲಿ ಗಾಳ ಬಿಡಕೂಡದು. ಮಳೆಗಾಲ ಇವುಗಳ ಸಂತಾನಕಾಲ; ಆಗ ಕೆಂಪು ಮರಿಗಳು ಕಂಡಲ್ಲಿಂದ ದೂರ ಸರಿಯುವುದೇ ಧರ್ಮ. ಕೆರೆಗಳ ಮೀನಿನ ಹಕ್ಕನ್ನು ಗುತ್ತಿಗೆಗೆ ಕೊಡುವುದು ವಾಡಿಕೆಯಾದ್ದರಿಂದ, ಸಂಬಂಧಪಟ್ಟವರ ಅನುಮತಿ ಪಡೆಯದೆ ಗಾಳ ಬಿಡುವುದೂ ಸಲ್ಲದು.

ಹಿಂದಿರುಗುವಾಗ ಯಜಮಾನರು, “ಗಣಿಯಿಂದ ಮೇಲೆ ಬಂದಾಗ ನಾವೂ ಹೀಗೇ ಸಾರ್, ಮೊದಲು ಗಾಳಿ, ಆಮೇಲೆ ಮಕ್ಕಳ ಮುಖ,” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಮಸಾಲೆ ಅರೆದಿಟ್ಟು ಕಾದಿದ್ದ ನನ್ನಾಕೆ ಬರಿಯ ಚೀಲವನ್ನು ಕೊಡವಿ, “ಮೀನೆಲ್ಲಿ?” ಎಂದಳು.

“ಮಕ್ಕಳೊಂದಿಗಿದೆ,” ಎಂದೆ. ಅಂದು ನಮಗೆ ಬದನೆಕಾಯಿಯ ಸಾರು.